ಮೂತಿ ಎರಡು ಇಂಚು ಕೆಳಗೆ

ಮಾರ್ಚ್ 3

ಪ್ರೀತಿಯ ಅಕ್ಕ,

ಫೋನಲ್ಲೇ ಕೇಳೋಣ ಅಂದ್ಕೊಂಡಿದ್ದೆ. ಆದ್ರೆ ಫೋನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಇಳೀತೀವಿ, ನಾಲ್ಕನೇ ಮಾತಿಗೆ ಯಾರಾದ್ರೂ ಒಬ್ಬರು ಇಟ್ಟುಬಿಡ್ತೀವಿ. ಕಾಗದದಲ್ಲಾದ್ರೆ ಪೂರ್ತಿ ಹೇಳಿ ಮುಗಿಸಬಹುದು ಅಂತ ಬರೀತಿದೀನಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಬೇಕರಿ ನಡೀತಿದೆ. ಅಪ್ಪನೂ ಚೆನ್ನಾಗಿದಾರೆ. ಭಟ್ಟಿ ಪಕ್ಕ ಕುರ್ಚಿ ಹಾಕಿಸ್ಕೊಂಡು ಕೂತು ನಮ್ಮ ಕೆಲಸದವರಿಗೆ ಹಿಟ್ಟು ನಾದೋದು ಹೇಗೆ ಅಂತ ಪಾಠ ಮಾಡ್ತಾರೆ. ಜೀವಮಾನವೆಲ್ಲ ಶೆಡ್ಡಲ್ಲಿ ಗಾಡಿಗಳ ಸ್ಪ್ರಿಂಗ್ ಸುತ್ತಿದವರಿಗೆ ಹಿಟ್ಟಿನ ಬಗ್ಗೆ ಏನು ಗೊತ್ತು ಅಂತ ನೀನು ಕೇಳಬೇಡ, ನಾನೂ ಕೇಳಿಲ್ಲ.

ವಿಷಯ ಏನಂದ್ರೆ, ಅಪ್ಪನ ಕಾರಿನ ಮೂತಿ ಎರಡು ಇಂಚು ಕೆಳಗೆ ಇಳಿಸಬೇಕು. ಮುಂದೆ ಮಾತ್ರ, ಹಿಂದೆ ಇದ್ದ ಹಾಗೇ ಇರಲಿ. ಅದಕ್ಕೆ ಗಿಡ್ಡ ಸ್ಪ್ರಿಂಗ್ ಒಂದು ಜೊತೆ ಬೇಕು. ಶೆಡ್ಡಲ್ಲಿ ನೀನೇ ಸುತ್ತಿ ಕಳಿಸ್ತೀಯಾ? ಅಪ್ಪ ಒಪ್ಪಿದಾರೆ. ವಿಶೇಷ ಕಾರಣ ಏನಿಲ್ಲ, ನೋಡೋಕೆ ಚೆನ್ನಾಗಿರುತ್ತೆ ಅಂತ ಅಷ್ಟೇ.

ಮುಂದಿನ ತಿಂಗಳು ಬರ್ತೀನಿ ಅಂದಿದ್ದೆಯಲ್ಲ, ಆಗ ಮನೆಗೆ ಸುಣ್ಣ ಬಣ್ಣ ಮಾಡಿಸ್ತಿದೀವಿ. ಮಲಗೋಕೂ ಜಾಗ ಇರಲ್ಲ. ಸ್ವಲ್ಪ ತಡೆದು ಬಾ.

ನಿನ್ನ
ಚಿಕ್ಕೋಳು

•

ಮಾರ್ಚ್ 11

ಚಿಕ್ಕೋಳೇ,

ನಿನ್ನ ಕಾಗದ ಓದಿ, ಇದು ನಮ್ಮ ಅಪ್ಪನ ಕಾರೇನಾ ಅಂತ ಇನ್ನೊಂದ್ಸಲ ಓದಿದೆ.

ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಇದೇ ಕಾರಿನ ಮೂತಿ ಒಂದೇ ಒಂದು ಇಂಚು ಇಳಿಸೋಣ ಅಂತ ಅವರನ್ನ ಕೇಳಿದ್ದೆ. ಎರಡಲ್ಲ, ಒಂದು. ಆಗ ಎಲ್ಲ ಹುಡುಗರೂ ಇಳಿಸ್ತಿದ್ರು, ನಮ್ಮ ಶೆಡ್ಡಿನ ಹುಡುಗಿಗೆ ಆಸೆ ಇರಬಾರದಾ? ಅಪ್ಪ ಏನಂದ್ರು ಗೊತ್ತಾ? "ತಲೆ ತಗ್ಗಿಸಿಕೊಂಡು ನಿಲ್ಲೋ ಕಾರು ನನ್ನ ಶೆಡ್ಡಿಂದ ಆಚೆ ಹೋಗಲ್ಲ. ಅದರ ಮೂತಿ ಮುಟ್ಟಿದ್ರೆ ಕೈ ಮುರೀತೀನಿ" ಅಂದ್ರು. ಒಂದು ವಾರ ಮಾತೂ ಬಿಟ್ರು. ಈಗ ನಿನಗೆ ನೋಡೋಕೆ ಚೆನ್ನಾಗಿರುತ್ತೆ ಅಂದ ತಕ್ಷಣ ಒಪ್ಪಿಬಿಟ್ರಾ? ಅಥವಾ ಇದು ನಿನ್ನ ಗಂಡನ ಶೋಕಿಯಾ?

ಮೂತಿ ಇಳಿಸೋದು ಅಂದ್ರೆ ಪ್ಯಾಂಟಿನ ಕಾಲು ಮಡಚೋದಲ್ಲ ತಾಯಿ. ಸ್ಪ್ರಿಂಗ್ ಗಿಡ್ಡ ಆದ್ರೆ ಈಗಿರೋ ಶಾಕ್ ಅಬ್ಸಾರ್ಬರ್ ಉದ್ದ ಜಾಸ್ತಿ ಆಗುತ್ತೆ, ಗುಂಡಿ ಸಿಕ್ಕಾಗೆಲ್ಲ ತಳ ಹೊಡೆಯುತ್ತೆ. ಸ್ಟೇರಿಂಗ್ ರಾಡು ಓರೆ ಆಗುತ್ತೆ, ಉಬ್ಬು ಹತ್ತಿದ್ರೆ ನೀನು ತಿರುಗಿಸದೆ ಇದ್ದರೂ ಚಕ್ರ ತಿರುಗುತ್ತೆ. ಚಕ್ರದ ಮೇಲುಭಾಗ ಒಳಕ್ಕೆ ವಾಲಿ ಟೈರಿನ ಒಳ ಅಂಚು ತಿಂದುಹೋಗುತ್ತೆ. ಇಷ್ಟನ್ನೂ ಸರಿ ಮಾಡದೆ ಸ್ಪ್ರಿಂಗ್ ಮಾತ್ರ ಬದಲಾಯಿಸೋದು ಬೆಪ್ಪುತನ. ಪಕ್ಕದಲ್ಲೇ ಇದಾರಲ್ಲ, ಅಪ್ಪನ್ನೇ ಕೇಳು. ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ನನ್ನ ಹತ್ತಿರ ಯಾಕೆ ಬಂದೆ?

ಒಂದು ತಿಂಗಳು ಇದ್ದು ಬರ್ತೀನಿ ಅಂತ ಕಾರು ತಗೊಂಡು ಹೋದವರು ಒಂದು ವರ್ಷದ ಮೇಲಾಯ್ತು. ಫೋನ್ ಮಾಡಿದ್ರೆ "ಕೆಲಸ ಹೇಗಿದೆ, ಸರಿ, ಇಡ್ತೀನಿ." ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ನಿಂತು ಕೆಲಸ ಮಾಡಿದೋಳು ನಾನು, ಹಿತ್ತಲ ಗಿಡ. ನೀನು ಬಿಡು, ವರ್ಷಕ್ಕೊಂದ್ಸಲ ಬಸ್ಸಲ್ಲಿ ಕೇಕ್ ಕಳಿಸಿಕೊಟ್ಟೋಳು.

ಮುಚ್ಚುಮರೆ ಯಾಕೆ. ಆ ಕಾರು ನನಗೆ ಬೇಕು. ಅದರ ಒಂದೊಂದು ಸ್ಪ್ರಿಂಗೂ ನನ್ನ ಕೈಲಿ ಆಗಿದ್ದು. ಅಪ್ಪನ ಆಮೇಲೆ ಅದು ಯಾರಿಗೆ ಹೋಗುತ್ತೋ ಅವರೇ ಅಪ್ಪನ ಮಗಳು ಅಂತ ನಾನು ಚಿಕ್ಕವಳಿದ್ದಾಗಿಂದ ಅಂದ್ಕೊಂಡಿದೀನಿ. ಆ ಕಾರನ್ನ ನಿನ್ನ ಚಂದಕ್ಕೆ ಕುಲಗೆಡಿಸೋಕೆ ನಾನು ಸ್ಪ್ರಿಂಗ್ ಸುತ್ತಲ್ಲ.

ಅಕ್ಕ

•

ಮಾರ್ಚ್ 24

ಅಕ್ಕ,

ಇವರದ್ದೇನೂ ಶೋಕಿ ಇಲ್ಲ. ಇವರಿಗೆ ಕಾರಿನ ಮೂತಿ ಯಾವುದು ಬಾಲ ಯಾವುದು ಅಂತಾನೇ ಗೊತ್ತಿಲ್ಲ, ಪಾಪ.

ನೀನು ಸುತ್ತಲ್ಲ ಅಂದ್ಮೇಲೆ ನಾವೇ ಒಂದು ದಾರಿ ಮಾಡಿದ್ವಿ. ನಮ್ಮ ಬೀದಿ ಕೊನೇಲಿ ಕಬ್ಬಿಣದ ಗೇಟ್ ಮಾಡೋ ವೆಲ್ಡರ್ ಒಬ್ಬರಿದಾರೆ. ಅವರು ಬಂದು ಹಳೇ ಸ್ಪ್ರಿಂಗ್ ಎರಡರಲ್ಲೂ ಒಂದೊಂದು ಸುತ್ತು ಗ್ಯಾಸಲ್ಲಿ ಕತ್ತರಿಸಿಕೊಟ್ರು. ಹತ್ತು ನಿಮಿಷದ ಕೆಲಸ. ಅಪ್ಪ ಆಗ ಮಲಗಿದ್ರು, ಎದ್ದ ಮೇಲೆ ತೋರಿಸೋಣ ಅಂತ ಖುಷಿಯಲ್ಲಿ ಇದ್ದೆ. ಎದ್ದು ಬಂದು ನೋಡಿದ್ರು. ಬೈತಾರೇನೋ ಅಂದ್ಕೊಂಡೆ. ಗೋಡೆ ಹಿಡ್ಕೊಂಡು ನಿಂತು ನಗೋಕೆ ಶುರು ಮಾಡಿದ್ರು ನೋಡು, ಕಣ್ಣಲ್ಲಿ ನೀರು ಬರೋ ತನಕ. "ನಿನಗೆ ಬ್ರೆಡ್ ಕೊಯ್ಯೋದೇ ಸರಿ" ಅಂದ್ರು. ಎಷ್ಟು ದಿನ ಆಗಿತ್ತು ಅವರು ಹಾಗೆ ನಕ್ಕು.

ಆದ್ರೆ ಕಾರು ಈಗ ಬಲಕ್ಕೆ ವಾಲಿದೆ. ತಿರುಗಿಸಿದ್ರೆ ಟೈರು ಎಲ್ಲೋ ಉಜ್ಜೋ ಸದ್ದು. ಅಪ್ಪ ಕೈ ಹಚ್ಚಲ್ಲ ಅಂತಾರೆ. ನೀನು ಬೈದ್ರೂ ಪರವಾಗಿಲ್ಲ, ಏನು ಮಾಡಬೇಕು ಹೇಳು.

ಚಿಕ್ಕೋಳು

•

ಏಪ್ರಿಲ್ 1

ಗ್ಯಾಸಲ್ಲಿ ಕತ್ತರಿಸಿದ್ಯಾ?

ಈ ಕಾಗದ ಮೂರು ಸಲ ಹರಿದು ಬರೀತಿದೀನಿ. ಸ್ಪ್ರಿಂಗಿಗೆ ಒಂದು ಹದ ಇರುತ್ತೆ ಕಣೇ. ಕೆಂಪಗೆ ಕಾಯಿಸಿ, ಎಣ್ಣೆಲಿ ಅದ್ದಿ, ಮತ್ತೆ ಮೆಲ್ಲಗೆ ಕಾಯಿಸಿ ಕೊಟ್ಟ ಹದ. ಗ್ಯಾಸ್ ಬೆಂಕಿ ಮುಟ್ಟಿದ ಕಡೆ ಆ ಹದ ಸತ್ತುಹೋಯ್ತು. ಇವತ್ತೋ ನಾಳೆಯೋ ಅಲ್ಲೇ ಮುರಿಯುತ್ತೆ. ಕತ್ತರಿಸಲೇಬೇಕು ಅಂದ್ರೆ ಕಬ್ಬಿಣ ಕೊಯ್ಯೋ ಉಜ್ಜು ಚಕ್ರದಲ್ಲಿ, ನೀರು ಬಿಡ್ತಾ, ಅರ್ಧರ್ಧ ಸುತ್ತು ಕತ್ತರಿಸಿ ನೋಡಬೇಕು. ಕಾರನ್ನ ಇದ್ದ ಜಾಗದಿಂದ ಅಲ್ಲಾಡಿಸಬೇಡ. ಯಾರೂ ಓಡಿಸೋದು ಬೇಡ.

ಅಪ್ಪ ನಕ್ಕರಂತೆ. ನನ್ನ ಕೈಲಿ ಒಂದು ಸ್ಪ್ರಿಂಗ್ ಕೂದಲೆಳೆಯಷ್ಟು ಓರೆ ಆಗಿದ್ದಕ್ಕೆ ಅದನ್ನ ರಸ್ತೆಗೆ ಎಸೆದವರು. ಗಿರಾಕಿ ಮುಂದೆ, ಹಗಲಲ್ಲಿ. ನೀನು ಒಂದು ಜೊತೆ ಸ್ಪ್ರಿಂಗ್ ಸಾಯಿಸಿದ್ರೆ ನಗ್ತಾರೆ. ನನಗೆ ಹೊಟ್ಟೆ ಉರೀತಿದೆ, ಬರೆದೇ ಹೇಳ್ತೀನಿ. ಊಟ ಸೇರ್ತಿಲ್ಲ.

ಸ್ಪ್ರಿಂಗ್ ನಾನೇ ಸುತ್ತುತೀನಿ. ನಿನಗೋಸ್ಕರ ಅಲ್ಲ, ಆ ಕಾರು ಗೇಟ್ ಮಾಡೋನ ಕೈಲಿ ಸಾಯೋದನ್ನ ನೋಡೋಕಾಗಲ್ಲ ಅಂತ. ಅಳತೆ ಕಳಿಸು. ಚಕ್ರದ ಮೇಲಿನ ಮಡ್‌ಗಾರ್ಡ್ ಅಂಚಿಂದ ನೆಲಕ್ಕೆ ಎಷ್ಟು, ಎರಡೂ ಕಡೆ. ಖಾಲಿ ಕಾರು ಅಳೆದು ಕಳಿಸಬೇಡ. ಅಪ್ಪನ ಪದ್ಧತಿ ಮರೆತಿದ್ರೆ ಜ್ಞಾಪಿಸ್ತೀನಿ: ಯಾರು ಓಡಿಸ್ತಾರೋ ಅವರನ್ನ ತಕ್ಕಡಿ ಮೇಲೆ ನಿಲ್ಲಿಸಿ ತೂಗಬೇಕು, ಅಷ್ಟೇ ತೂಕದ ಮರಳು ಚೀಲ ಡ್ರೈವರ್ ಸೀಟಲ್ಲಿ ಇಟ್ಟು ಅಳೀಬೇಕು. "ಖಾಲಿ ಕಾರು ಅಳೆಯೋನು ಖಾಲಿ ಕಾರೇ ಓಡಿಸಲಿ" ಅಂತ ಗಿರಾಕಿಗಳಿಗೆ ಹೇಳ್ತಿದ್ರಲ್ಲ. ಎಷ್ಟು ದಪ್ಪ ಹೆಂಗಸರು ಅದಕ್ಕೇ ಮುನಿಸಿಕೊಂಡು ಹೋದ್ರು. ಓಡಿಸೋದು ಅಪ್ಪನೇ ಆದ್ರೆ ತೂಗೋದು ಬೇಡ, ಎಪ್ಪತ್ತಾರು ಕೆಜಿ ಅಂತ ನನಗೆ ಬಾಯಿಪಾಠ.

ಅಕ್ಕ

•

ಏಪ್ರಿಲ್ 9

ಅಕ್ಕ,

ನೀನು ಒಪ್ಪಿದ್ದು ಓದಿ ಎಷ್ಟು ಹಗುರ ಆಯ್ತು. ಬೈಗುಳ ಎಲ್ಲ ಸ್ವೀಕರಿಸಿದೀನಿ. ಕಾರು ಅಲ್ಲೇ ನಿಂತಿದೆ, ಬೀಗದ ಕೈ ಸಕ್ಕರೆ ಡಬ್ಬಿಲಿ ಅಡಗಿಸಿಟ್ಟಿದೀನಿ.

ಅಳತೆ ಬೇರೆ ಚೀಟಿಲಿ ಬರೆದು ಒಳಗೆ ಇಟ್ಟಿದೀನಿ. ಇಲ್ಲಿ ಮರಳು ಸಿಗಲಿಲ್ಲ. ಮೈದಾ ಮೂಟೆ ಇಟ್ಟು ಅಳೆದೆ. ಒಂದು ಮೂಟೆ ಐವತ್ತು, ಅದರಲ್ಲಿ ಎರಡು ಕೆಜಿ ತೆಗೆದೆ. ನಲವತ್ತೆಂಟು ಇಟ್ಟು ತೆಗೆದ ಅಳತೆ ಅದು, ಹಾಗೇ ಸುತ್ತು.

ಅಪ್ಪ ಯಾಕೆ ಎರಡು ಸಾಲು ಬರೆಯಲ್ಲ ಅಂತ ನೀನು ಫೋನಲ್ಲಿ ಕೇಳಿದ್ದೆಯಲ್ಲ. ಕನ್ನಡಕ ಒಡೆದಿದೆ, ಹೊಸದು ಮಾಡಿಸಬೇಕು. ಬೇಕರಿಲಿ ಈಗ ಕೆಲಸ ಜಾಸ್ತಿ, ಭಟ್ಟಿ ರಿಪೇರಿ ಬೇರೆ ಬಂದಿದೆ, ಹಾಗಾಗಿ ಮೇ ತಿಂಗಳೂ ನೀನು ಬಂದ್ರೆ ನಾನು ನಿನ್ನ ನೋಡ್ಕೊಳ್ಳೋಕೆ ಆಗಲ್ಲ. ಸ್ಪ್ರಿಂಗ್ ಬಸ್ಸಲ್ಲಿ ಹಾಕಿ ಕಳಿಸಿದ್ರೆ ಸಾಕು.

ಚಿಕ್ಕೋಳು

•

ಏಪ್ರಿಲ್ 17

ನಲವತ್ತೆಂಟು.

ನಿನ್ನ ಮದುವೆಗೆ ಮುಂಚೆ ನಮ್ಮ ಶೆಡ್ಡಿನ ತಕ್ಕಡಿ ಮೇಲೆ ನಿಂತು ನಲವತ್ತೆಂಟು ಅಂತ ಬೀದಿಗೆಲ್ಲ ಸಾರಿಕೊಂಡು ಬಂದಿದ್ದೆಯಲ್ಲ, ಆ ಸಂಖ್ಯೆ ನನಗೆ ಮರೆತಿಲ್ಲ. ಬಾಯಲ್ಲಿ ಹೇಳೋಕೆ ಧೈರ್ಯ ಇಲ್ಲ, ಮೈದಾ ಮೂಟೆಯಲ್ಲಿ ಹೇಳಿ ಕಳಿಸಿದ್ಯಾ? ಅಂದ್ರೆ ಕಾರು ನಿನಗೆ ಕೊಟ್ಟಾಯ್ತು. ನಿನ್ನ ತೂಕಕ್ಕೆ ಹೊಂದಿಸೋಕೆ ಅವರು ಕೂತು ಹೇಳಿದಾರೆ, ನಾನು ಇಲ್ಲಿ ನಿಂತು ಸುತ್ತಬೇಕು.

ಈಗ ಎಲ್ಲ ಅರ್ಥ ಆಗ್ತಿದೆ. ಸುಣ್ಣ ಬಣ್ಣ, ಭಟ್ಟಿ ರಿಪೇರಿ, ಒಡೆದ ಕನ್ನಡಕ. ನಾನು ಬಂದು ಕಾರು ಕಣ್ಣಲ್ಲಿ ನೋಡಿದ್ರೆ ಗಲಾಟೆ ಮಾಡ್ತೀನಿ ಅಂತ ತಾನೇ? ಮಾಡೇ ಮಾಡ್ತಿದ್ದೆ.

ನಿನಗೆ ಎಲ್ಲ ಸುಲಭಕ್ಕೆ ಸಿಕ್ಕಿದ್ದು. ನನ್ನ ಕೈ ನೋಡಿದೀಯಾ ಯಾವತ್ತಾದ್ರೂ? ಎಡಗೈ ಎರಡು ಬೆರಳು ಪೂರ್ತಿ ಮಡಚೋಕೆ ಬರಲ್ಲ. ಆ ಕೈಲಿ ಅಪ್ಪನಿಂದ ಒಂದು ಶಹಬ್ಬಾಸ್ ಅನ್ನಿಸ್ಕೊಳ್ಳೋಕೆ ಆಗಲಿಲ್ಲ. ನಿನ್ನ ಪೆದ್ದುತನಕ್ಕೆ ನಗು, ನಿನ್ನ ಚಂದಕ್ಕೆ ಕಾರು. ನಾನು ಏನು ಕಡಿಮೆ ಮಾಡಿದೆ ಅಂತ ಒಂದ್ಸಲ ಅವರನ್ನ ಕೇಳಿ ಬರೀ.

ನಿನ್ನ ಅಳತೆ ಚೀಟಿ ಬರೋದಕ್ಕೆ ಮುಂಚೇನೇ ತಡೆಯೋಕಾಗದೆ ಒಂದು ಜೊತೆ ಸುತ್ತಿ ಮುಗಿಸಿದ್ದೆ, ಓಡಿಸೋದು ಅಪ್ಪನೇ ಅಂದ್ಕೊಂಡು, ಎಪ್ಪತ್ತಾರಕ್ಕೆ. ಶೆಡ್ಡಿನ ಗೋಡೆ ಮೇಲೆ ನೇತಾಡ್ತಿವೆ. ಅಲ್ಲೇ ನೇತಾಡಲಿ. ನೀನು ಆ ಗೇಟಿನವನನ್ನೇ ಕರೆಸ್ಕೋ.

•

ಮೇ 20

ಅಕ್ಕ,

ಒಂದು ತಿಂಗಳಿಂದ ಬರೀಬೇಕು ಬರೀಬೇಕು ಅಂತಿದ್ದೆ. ಅಪ್ಪನಿಗೆ ಮಾತು ಕೊಟ್ಟಿದ್ದೆ, ಅದಕ್ಕೆ ಬರೆಯಲಿಲ್ಲ. ಇವತ್ತು ಮಾತು ಮುರೀತಿದೀನಿ.

ನನ್ನ ತೂಕ ಎಪ್ಪತ್ತೊಂದು. ಬೇಕರಿ ನಡೆಸೋಳು, ದಿನಾ ಮುರಿದುಹೋದ ಬಿಸ್ಕತ್ತೆಲ್ಲ ಯಾರು ತಿಂತಾರೆ ಅಂದ್ಕೊಂಡೆ? ನೀನು ನನ್ನ ನೋಡಿ ಆರು ವರ್ಷ ಆಯ್ತು. ಮದುವೆ ಫೋಟೋ ನೋಡ್ಕೊಂಡು ಹೊಟ್ಟೆ ಉರ್ಕೋಬೇಡ.

ನಲವತ್ತೆಂಟು ಅಪ್ಪ.

ಹೋದ ವರ್ಷ ಇಲ್ಲಿಗೆ ಬಂದಾಗಲೇ ಹೊಟ್ಟೆ ನೋವು ಅಂತಿದ್ರು. ಗಂಟು ಅಂದ್ರು ಡಾಕ್ಟರು. ಆಪರೇಷನ್ ಆಯ್ತು. ಅವತ್ತು ನೀನು ಫೋನ್ ಮಾಡಿ ಲಾರಿ ಸ್ಪ್ರಿಂಗಿನ ಪ್ಲೇಟು ಕಟ್ತಿದೀನಿ, ಬಹಳ ಕೆಲಸ ಅಂದೆ, ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ನಿಂತು ಹ್ಞೂಂ ಹ್ಞೂಂ ಅಂದೆ. ಆಮೇಲೆ ಊಟ ಹತ್ತಲೇ ಇಲ್ಲ. ಮೈ ಕರಗಿತು, ಬೆನ್ನು ಬಾಗಿತು. ಮೈದಾ ತೂಗೋ ತಕ್ಕಡಿ ಮೇಲೆ ನಾನೇ ಹಿಡ್ಕೊಂಡು ನಿಲ್ಲಿಸಿ ತೂಗಿದ್ದು.

ಮೂತಿ ಯಾಕೆ ಇಳಿಸಬೇಕು ಅಂದ್ರೆ, ಅವರಿಗೆ ಬಾನೆಟ್ ಆಚೆ ರಸ್ತೆ ಕಾಣಲ್ಲ ಅಕ್ಕ. ಅಷ್ಟು ಕುಗ್ಗಿದಾರೆ. ಹಳೇ ಗೋದಾಮಿನ ಮುಂದೆ ದೊಡ್ಡ ಬಯಲು ಇದೆ, ವಾರಕ್ಕೊಂದ್ಸಲ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದೆ. ನಡೆಯೋ ವೇಗದಲ್ಲಿ ಎರಡು ಸುತ್ತು ಓಡಿಸ್ತಿದ್ರು, ಹ್ಯಾಂಡ್ ಬ್ರೇಕ್ ಮೇಲೆ ನನ್ನ ಕೈ ಇರ್ತಿತ್ತು. ಒಂದಿನ ಎದುರಿಗಿದ್ದ ಕಲ್ಲುಕಂಬ ಕಾಣದೆ ಹೋಗಿ ಗುದ್ದಿದ್ರು. ಜೋರಾಗೇನಲ್ಲ. ಆದ್ರೆ ಇಳಿದು ಬಂದು ಆ ಕಂಬನ ನೋಡ್ತಾ ಬಹಳ ಹೊತ್ತು ನಿಂತ್ರು. ಸೀಟಿಗೆ ದಿಂಬು ಹಾಕಿದೆ. ರಸ್ತೆ ಕಂಡಿತು, ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಸೀಟು ಮುಂದಕ್ಕೂ ಬರಲ್ಲ. ಆಗ ಅವರೇ ಅಂದಿದ್ದು, "ನನ್ನ ಎತ್ತರ ಮಾಡೋಕಾಗಲ್ಲ, ಕಾರಿನ ಮೂತಿ ತಗ್ಗಿಸು. ಸ್ಪ್ರಿಂಗ್ ದೊಡ್ಡೋಳ ಕೈಲೇ ಸುತ್ತಿಸು, ಇನ್ಯಾರೂ ಬೇಡ. ಯಾಕೆ ಅಂತ ಮಾತ್ರ ಹೇಳಬೇಡ."

ನಿನಗೆ ಹೇಳೋಣ ಅಂತ ಎಷ್ಟು ಸಲ ಅವರ ಕಾಲು ಹಿಡಿದೆ. "ಅವಳ ಲೆಕ್ಕದಲ್ಲಿ ನಾನು ಎಪ್ಪತ್ತಾರು ಕೆಜಿಯೇ ಇರಲಿ" ಅಂದ್ರು. ನೀನು ಬಂದ್ರೆ ಎದ್ದು ನಿಂತು ಬೈಯೋಕೆ ತಾಕತ್ತಿಲ್ಲ ಅಂತ ಅವರಿಗೆ ನಾಚಿಕೆ.

ನಿನಗೆ ಹೊಟ್ಟೆ ಉರಿಯುತ್ತೆ ಅಂದೆಯಲ್ಲ, ನನ್ನದೂ ಕೇಳು. ಮುಖ ತೊಳೆಸೋದು ನಾನು, ತುತ್ತು ಬಾಯಿಗಿಡೋದು ನಾನು, ರಾತ್ರಿ ಎದ್ದು ಹಾಸಿಗೆ ಬದಲಾಯಿಸೋದು ನಾನು. ಅವರು ಭಟ್ಟಿ ಪಕ್ಕ ಕೂತು ಬಂದವರಿಗೆಲ್ಲ ಹೇಳೋದು ನಿನ್ನ ವಿಷಯ. ದೊಡ್ಡೋಳು ಹದ ನೋಡೋದು ಕಣ್ಣಲ್ಲಲ್ಲ, ವಾಸನೇಲಿ. ದೊಡ್ಡೋಳಿಗೆ ಕಲಿಸಿದ್ದನ್ನ ಇನ್ನೊಬ್ಬರಿಗೆ ಕಲಿಸೋಕೆ ಬರಲ್ಲ. ನಾನು ಹಿಟ್ಟು ನಾದ್ತಾ ಕೇಳಿಸ್ಕೋತೀನಿ. ನನ್ನ ಪೆದ್ದುತನಕ್ಕೆ ನಗ್ತಾರೆ ನಿಜ, ನನ್ನಿಂದ ಏನಾದ್ರೂ ಆಗಬೇಕು ಅಂತ ಅವರಿಗೆ ಯಾವತ್ತೂ ಇರಲಿಲ್ಲ. ಆಸೆ ಇಟ್ಟವರ ಮೇಲೆ ತಾನೇ ಸಿಟ್ಟು ಬರೋದು.

ಕಾರು ಯಾರಿಗೂ ಕೊಟ್ಟಿಲ್ಲ. ಆ ಮಾತೇ ಎತ್ತಿಲ್ಲ. ಡಾಕ್ಟರು ಈ ವರ್ಷದ ಕೊನೆ ತನಕ ಅಂತ ಹೇಳೋಕೂ ಹಿಂದೆ ಮುಂದೆ ನೋಡ್ತಾರೆ. ಅಪ್ಪ ದಿನಾ ಕೇಳ್ತಾರೆ ಅಕ್ಕ, ಸ್ಪ್ರಿಂಗ್ ಬಂತಾ ಅಂತ. ಬಸ್ಸು ತಡ ಅಂತ ಹೇಳ್ತಾ ಬಂದಿದೀನಿ.

ಚಿಕ್ಕೋಳು

•

ಮೇ 27

ಚಿಕ್ಕೋಳೇ,

ನಿನ್ನ ಕಾಗದ ಕುಲುಮೆ ಮುಂದೆ ನಿಂತು ಓದಿದೆ. ಒಳಗಿದ್ದ ಕಬ್ಬಿಣ ಸುಟ್ಟು ಹಾಳಾಯ್ತು. ನಮ್ಮ ಶೆಡ್ಡಲ್ಲಿ ನನ್ನ ಕೈಲಿ ಹಾಗಾಗಿದ್ದು ಮೊದಲನೇ ಸಲ. ಬಾಗಿಲು ಹಾಕ್ಕೊಂಡು ಅತ್ತೆ, ಅದನ್ನ ಬರೆಯೋಕೆ ನನಗೇನೂ ನಾಚಿಕೆ ಇಲ್ಲ.

ಇಷ್ಟು ಗೊತ್ತಾದ ಮೇಲೆ ಹೊಟ್ಟೆ ಉರಿ ಆರಬೇಕಿತ್ತು. ಆರಲಿಲ್ಲ ಕಣೇ, ಇನ್ನೂ ಜಾಸ್ತಿ ಆಯ್ತು. ಕಾರಾಗಿದ್ರೆ ಬಿಟ್ಟುಕೊಡ್ತಿದ್ದೆ. ಅವರು ನಿನ್ನ ಕೈ ಹಿಡ್ಕೊಂಡು ತಕ್ಕಡಿ ಹತ್ತಿದ್ರು. ನಿನ್ನ ಮುಂದೆ ಕುಗ್ಗಿದ್ರು, ನಿನ್ನ ಕೈಲಿ ತುತ್ತು ತಿಂದ್ರು, ನಿನ್ನ ಮುಂದೆ ಗೋಡೆ ಹಿಡಿದು ನಿಂತ್ರು. ನನಗೆ ಎಪ್ಪತ್ತಾರು ಕೆಜಿಯ ಅಪ್ಪನ್ನ ಮಾತ್ರ ಉಳಿಸಿ, ಬೇರೆ ಎಲ್ಲ ನಿನಗೆ ಕೊಟ್ಟಿದಾರೆ. ಕಾಯಿಲೆಗೂ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರಾ? ನಾನು ಪಡ್ತಿದೀನಿ. ನಿನ್ನನ್ನ ಕ್ಷಮಿಸೋಕೆ ನನಗೆ ಇನ್ನೂ ಟೈಮ್ ಬೇಕು, ಆಪರೇಷನ್ ದಿನದ ಆ ಹ್ಞೂಂ ಹ್ಞೂಂಗೆ ಮುಖ್ಯವಾಗಿ.

ಗೋಡೆ ಮೇಲಿದ್ದ ಸ್ಪ್ರಿಂಗ್ ತೆಗೆದು ಪಕ್ಕಕ್ಕಿಟ್ಟೆ. ನಲವತ್ತೆಂಟಕ್ಕೆ ಹೊಸದಾಗಿ ಸುತ್ತಿದೆ. ಅಷ್ಟು ತೂಕದ ವ್ಯತ್ಯಾಸಕ್ಕೆ ಮುಂದೆ ಒಂದು ಬೆರಳಿನ ದಪ್ಪವೂ ಏರುಪೇರಾಗಲ್ಲ, ಹಳೇದೇ ಹಾಕಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಅಪ್ಪನಿಗೆ ಗೊತ್ತಾಗುತ್ತೆ. ಜೊತೆಗೆ ಗಿಡ್ಡ ಶಾಕ್ ಅಬ್ಸಾರ್ಬರ್ ಹೊಂದಿಸಿದೀನಿ, ಸ್ಟೇರಿಂಗ್ ರಾಡಿನ ಓರೆ ತೆಗೆಯೋಕೆ ತುಂಡುಗಳನ್ನ ಮಾಡಿಸಿದೀನಿ. ಬಸ್ಸಲ್ಲಿ ಹಾಕಿ ಕಳಿಸಲ್ಲ. ಶನಿವಾರ ಹೊರಟು ಭಾನುವಾರ ಬೆಳಿಗ್ಗೆ ನಾನೇ ತರ್ತೀನಿ. ಈ ಸಲ ಸುಣ್ಣ ಬಣ್ಣದ ಕಥೆ ಹೇಳಬೇಡ.

ಒಂದು ಕೆಲಸ ಮಾಡು. ಅಪ್ಪನ ಮಾತು ನೀನು ಮುರಿದಿದ್ದು ಅವರಿಗೆ ಗೊತ್ತಾಗೋದು ಬೇಡ. ದೊಡ್ಡೋಳಿಗೆ ಸ್ಪ್ರಿಂಗ್ ಇನ್ನೊಬ್ಬರ ಕೈಗೆ ಕೊಡೋಕೆ ನಂಬಿಕೆ ಇಲ್ವಂತೆ, ತಾನೇ ಕೂರಿಸ್ತಾಳಂತೆ ಅಂತ ಹೇಳು. ಅದು ಸುಳ್ಳೂ ಅಲ್ಲ. ಶನಿವಾರ ರಾತ್ರಿನೇ ಕಾರು ಜಾಕ್ ಮೇಲೆ ಎತ್ತಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಎರಡೂ ಚಕ್ರ ತೆಗೆಸಿಡು. ಅವರು ಏಳೋದಕ್ಕೆ ಮುಂಚೆ ನಾನು ಬಂದು ಕಾರಿನ ಕೆಳಗೆ ಸೇರ್ಕೊಂಡಿರ್ತೀನಿ.

ನಿನಗೆ ಗೊತ್ತಿರಲ್ಲ, ನೀನು ಯಾವತ್ತೂ ಆ ಕೆಳಗೆ ಮಲಗಿದೋಳಲ್ಲ. ಅಲ್ಲಿಂದ ನೋಡಿದ್ರೆ ಮನುಷ್ಯರ ಪಾದ ಮಾತ್ರ ಕಾಣುತ್ತೆ. ಅವರು ಎಷ್ಟು ತೂಕ, ಬೆನ್ನು ಹೇಗಿದೆ, ಅದೆಲ್ಲ ಕಾಣಲ್ಲ. ನನ್ನ ಮುಖನೂ ಅವರಿಗೆ ಕಾಣಲ್ಲ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಮಾತಾಡಿದ್ದೆಲ್ಲ ಹೆಚ್ಚುಕಮ್ಮಿ ಹಾಗೇನೇ.

ಕಾರಿನ ಪಕ್ಕ ಕುರ್ಚಿ ಹಾಕಿ ಅವರನ್ನ ಕೂರಿಸು. ಅವರು ನಿಂತೇ ಇದಾರೆ ಅಂತ ನಾನು ಅಂದ್ಕೊಂಡಿರೋ ಹಾಗೆ ಅವರಿಗೆ ಅನ್ನಿಸಲಿ. ಅವರ ಕಣ್ಣಿಗೆ ಬೀಳೋ ಹಾಗೆ ಒಂದು ಬೋಲ್ಟು ಬೇಕಂತಲೇ ಸಡಿಲ ಬಿಡ್ತೀನಿ. ಆಮೇಲೆ ನೀನು ಒಳಗೆ ಹೋಗು, ಬ್ರೆಡ್ ಸುಡ್ತಿದ್ರೂ ಈಚೆ ಬರಬೇಡ. ಅವರು ಬೈಲಿ, ಎಷ್ಟು ಹೊತ್ತು ಬೇಕಾದ್ರೂ ಬೈಲಿ. ಅದು ನನ್ನ ಪಾಲಿನದು, ನಿನಗೆ ಅದರಲ್ಲಿ ಒಂದು ಚೂರೂ ಕೊಡಲ್ಲ.

ಅಕ್ಕ